ಪೂವಪ್ಪ ಬಿಡಬೇಕಿದ್ದ ನೀರು

ಹಿತ್ತಾಳೆಯ ತಂಬಿಗೆಗೆ ತುಳಸಿ ಎಲೆ ಕಿತ್ತು ಹಾಕುತ್ತಿದ್ದ ಸ್ವರ್ಣಲತಾಳಿಗೆ ಒಂದೇ ದಿಗಿಲು. ಬಾಯಿಗೆ ನೀರು ಬಿಡುವವರು ಸತ್ತವರನ್ನು ಸಂಬಂಧ ಹಿಡಿದು ಗಟ್ಟಿಯಾಗಿ ಕರೆಯಬೇಕು. ಇಷ್ಟು ಜನರೆದುರು ‘ಅಪ್ಪಾ’ ಎನ್ನಲು ತನ್ನ ದನಿ ಏಳದಿದ್ದರೆ? ಡೈರಿಯಲ್ಲಾದರೆ ಪುಟಗಟ್ಟಲೆ ಮಾತಾಡುತ್ತಾಳೆ. ಮನುಷ್ಯರೆದುರು, ಬಿ.ಎ. ಪಾಸಾದ ಮೇಲೂ, ಮೂಕಿಯೇ.

ಕೊಲ್ಲಿ ನಾಡಿನ ಅಲ್ ಗುಬ್ರಾದ ಆ ಫ್ಲಾಟಿನ ಹಾಲ್ ತುಂಬಿಹೋಗಿತ್ತು. ಸೋಫಾಗಳನ್ನು ಗೋಡೆಗೆ ಒತ್ತರಿಸಿ, ನಡುವೆ ಚಾಪೆಯ ಮೇಲೆ ಡಾಕ್ಟರ್ ದೇಜಪ್ಪನವರನ್ನು ಮಲಗಿಸಿದ್ದರು.

“ಮಗುವಿನ ಎದೆ ನೋಡಿ, ಔಷಧಿ ಬರೆದು ಮುಗಿಸಿದ ಮೇಲೆಯೇ ಬಿದ್ದದ್ದು,” ಎಂದಳು ಅವರ ಕ್ಲಿನಿಕ್ಕಿನ ನರ್ಸ್ ಲಿಲ್ಲಿ. “ಸಾಯ್ಲಿಕ್ಕೂ ಪೇಷಂಟ್ ಮುಗೀಬೇಕು ಇವರಿಗೆ.”

“ನನಗೆ ಬೈದದ್ದೇ ಬೈದದ್ದು,” ಪಕ್ಕದ ಮನೆಯ ಎಡ್ಮಂಡ್ ಮೂಗೊರೆಸಿಕೊಂಡ. “‘ಎಂತ ಮಾರಾಯ, ಉಪ್ಪಿನಕಾಯಿ ತಿಂದೇ ಸಾಯ್ತೀಯಾ’ ಅಂತ. ಇನ್ನು ಯಾರು ಬೈಯುವುದು?”

ಅಷ್ಟರಲ್ಲಿ ಬಾಗಿಲ ಬಳಿ ಜನ ಸರಿದು ದಾರಿ ಬಿಟ್ಟರು. ಕಂಟ್ರಾಕ್ಟರ್ ಪೂವಪ್ಪ ಒಳಗೆ ಬಂದು ಅವಳ ಅಮ್ಮನ ಬಳಿ ನಿಂತ.

“ಉಮಾವತಿಯಕ್ಕಾ, ವ್ಯಾನ್ ಕೆಳಗೆ ಉಂಟು. ನನ್ನ ಕಫೀಲ್, ಆ ಅರಬಿ ಧಣಿ ಹತ್ತಿರ ಹೇಳಿಸಿ ಆಸ್ಪತ್ರೆಯ ಕೆಲಸ ಎಲ್ಲ ಖಲಾಸ್. ಬಿಸಿಲು ಏರುವ ಮೊದಲು ಸೋಹಾರಿನ ಸುಡುಗಾಡಿಗೆ ಮುಟ್ಟುವ.” ಅವನು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ಮೊದಲ ನೀರು ನಾನೇ ಬಿಡ್ತೇನೆ. ಡಾಕ್ಟರಣ್ಣ ನನಗೆ ಒಡಹುಟ್ಟಿದವನ ಹಾಗೆ.”

ಸ್ವರ್ಣಲತಾಳ ಕೈಯ ತುಳಸಿ ಪುಡಿಪುಡಿಯಾಯಿತು.

*

೧೯೮೪, ಇಬ್ರಿ ಎಂಬ ಊರು. ಮಧ್ಯಾಹ್ನ, ಅಪ್ಪನ ಕ್ಲಿನಿಕ್ ಮುಚ್ಚಿರುವ ಹೊತ್ತು. ಎಂಟೊಂಬತ್ತು ವರ್ಷದ ಸ್ವರ್ಣಲತಾ ರೋಗಿಗಳ ಮಂಚದ ಕೆಳಗೆ ಕೂತು ಗೊಂಬೆಗೆ ಬ್ಯಾಂಡೇಜ್ ಸುತ್ತುತ್ತಿದ್ದಳು.

ಹಿಂದಿನ ದಿನ ಕೊರಗಪ್ಪನೆಂಬ ಕೂಲಿಯವನನ್ನು ಹೊತ್ತು ತಂದಿದ್ದರು. ಅಂಗಿ ಬಿಚ್ಚಿದರೆ ಬೆನ್ನಿನ ಚರ್ಮವೂ ಜೊತೆಗೇ ಬರುತ್ತಿತ್ತು. “ಮೇಲಿಂದ ಬಿದ್ದದ್ದು,” ಎಂದಿದ್ದ ಅವನ ಫೋರ್‌ಮನ್ ಪೂವಪ್ಪ. “ಬಿದ್ದದ್ದಲ್ಲ, ಸರಳಿನಿಂದ ಹೊಡೆದದ್ದು,” ಎಂದು ಅಪ್ಪ ಪೊಲೀಸರಿಗೆ ಹೇಳಿದ್ದರು.

ಬಾಗಿಲು ಒದ್ದುಕೊಂಡು ಇಬ್ಬರು ಬಂದರು, ಮುಖಕ್ಕೆ ಬಟ್ಟೆ ಸುತ್ತಿಕೊಂಡು. ಒಬ್ಬ ಅಪ್ಪನ ಕತ್ತು ಹಿಡಿದು ಮೇಜಿಗೆ ಅದುಮಿದ. ಇನ್ನೊಬ್ಬ ಅವರ ಬಲಗೈ ಎಳೆದು ಚಾಚಿದ.

“ಹೊಲಿಗೆ ಹಾಕುವ ಕೈ ಇದಾ, ಡಾಕ್ಟ್ರೇ?”

ಸರಳಿನ ಮೊದಲ ಏಟಿಗೆ ಔಷಧಿಯ ಶೀಷೆಗಳು ಸಿಡಿದವು. ಎರಡನೆಯದಕ್ಕೆ ಹಸಿ ಕಬ್ಬು ಮುರಿದ ಸದ್ದು. ಅಪ್ಪ ಕೂಗಲಿಲ್ಲ. ಕೋಟಿನ ತೋಳು ಕಚ್ಚಿಕೊಂಡು, ಮಂಚದ ಕೆಳಗಿದ್ದ ಮಗಳಿಗೆ ಕಣ್ಣಲ್ಲೇ ‘ಬರಬೇಡ’ ಎಂದರು. ಮೇಜಿನಂಚಿನಿಂದ ಇಳಿದ ರಕ್ತ ಗೊಂಬೆಯವರೆಗೂ ಹರಿದು ಬಂತು.

ಕೈಜಾರಿದ ಸರಳನ್ನು ಎತ್ತಿಕೊಳ್ಳಲು ಬಗ್ಗಿದವನ ಮುಖದ ಬಟ್ಟೆ ಕಳಚಿತು. ಪೂವಪ್ಪ. ಅವನೂ ಅವಳನ್ನು ನೋಡಿದ. ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಎದ್ದು ಹೋದ.

“ನೋಡಿದ್ದನ್ನು ನುಂಗಿಬಿಡು ಮಗಾ,” ಎಂದಿದ್ದಳು ಅಮ್ಮ. “ಅಪ್ಪನಿಗೂ ಹೇಳ್ಬೇಡ. ನಾಳೆ ನಿನ್ನನ್ನೂ ಬಿಡ್ಲಿಕ್ಕಿಲ್ಲ ಅವರು.”

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಅಪ್ಪ ಮತ್ತೆ ಪೊಲೀಸರ ಬಳಿ ಹೋಗಿ ಅದೇ ಮಾತು ಹೇಳಿ ಬಂದರು. ಆದರೆ ಕೊರಗಪ್ಪನೇ ಹೆದರಿ “ಬಿದ್ದೆ” ಎಂದುಬಿಟ್ಟ. ಅವನನ್ನು ಊರಿನ ವಿಮಾನ ಹತ್ತಿಸಿದರು.

ಅಪ್ಪನ ಎರಡು ಬೆರಳು ಮತ್ತೆಂದೂ ಮಡಚಲಿಲ್ಲ. ಆಪರೇಷನ್ ಮಾಡುವ ಕಾಲ ಮುಗಿಯಿತು. ಕೈ ಪಳಗಲೆಂದು ದಿನಾ ಬೆಳಿಗ್ಗೆ ಮಗಳಿಗೆ ಜಡೆ ಹೆಣೆಯತೊಡಗಿದರು. “ಈಗ ನನಗಿರುವುದು ಇದೊಂದೇ ಸರ್ಜರಿ,” ಎಂದು ನಗುತ್ತಿದ್ದರು. ಬಲಗಡೆಯ ಜಡೆ ಯಾವಾಗಲೂ ಸಡಿಲ. ಶಾಲೆಯಲ್ಲಿ ಮಕ್ಕಳು ನಕ್ಕರೂ ಅಮ್ಮ ಅದನ್ನು ಬಿಚ್ಚಿ ಹೆಣೆಯಲು ಅವಳು ಬಿಡುತ್ತಿರಲಿಲ್ಲ.

*

“ಸುಮ್ಮನಿರು ಮಗಾ,” ಉಮಾವತಿ ಮಗಳ ಕಿವಿಯಲ್ಲಿ ಉಸುರಿದಳು. “ನೀರು ಬಿಟ್ರೆ ಹಗೆ ತೊಳೆದು ಹೋಗ್ತದೆ ಅಂತ ಹಿರಿಯರು ಹೇಳ್ತಾರೆ. ಮುಗೀಲಿ ಅತ್ಲಾಗಿ. ಅವನ ವ್ಯಾನ್ ಇಲ್ಲದಿದ್ರೆ ಅಪ್ಪನನ್ನು ಎಲ್ಲಿಗೆ ಹೊರುವುದು ನಾವು?”

ತೊಳೆದು ಹೋಗುವುದು. ಎರಡು ಹನಿಗೆ ಎಲ್ಲವೂ.

ಪೂವಪ್ಪ ಚಾಪೆಯ ಪಕ್ಕ ಮಂಡಿಯೂರಿ ತಂಬಿಗೆಗೆ ಕೈ ಚಾಚಿದ. ದಪ್ಪ ಬೆರಳುಗಳಲ್ಲಿ ಉಂಗುರ. “ಕೊಡು ಮಗಳೇ.” ಅವಳು ಅಲುಗದಿದ್ದಾಗ ಅವನು ದನಿ ತಗ್ಗಿಸಿ ಮುಗುಳ್ನಕ್ಕ. “ನೀನು ಜಾಣೆ. ಸಣ್ಣದರಲ್ಲೇ ಜಾಣೆ.”

ತಂಬಿಗೆ ಮೇಲೆದ್ದದ್ದು ಯಾರಿಗೂ ಕಾಣಲಿಲ್ಲ. ಅದು ಆ ಚಾಚಿದ ಕೈಯ ಮೇಲೆ ಬಿದ್ದಾಗ ಎಲುಬಿಗೆ ಹಿತ್ತಾಳೆ ತಾಗಿದ ಸದ್ದು ಮಾತ್ರ ಕೇಳಿಸಿತು. ಪೂವಪ್ಪ ಚೀರಿ ಹಿಂದಕ್ಕೆ ಬಿದ್ದ. “ಅಯ್ಯೋ, ಹುಚ್ಚು ಹಿಡೀತಾ ಇವಳಿಗೆ!” ಎಂದು ಯಾರೋ ಕೂಗಿದರು. ಲಿಲ್ಲಿ ಓಡಿ ಬಂದು ತೋಳು ಹಿಡಿದಳು. ಸ್ವರ್ಣಲತಾ ಕೊಸರಿಕೊಂಡಳು.

ನೀರು ಚಾಪೆಯ ತುಂಬ ಚೆಲ್ಲಿತ್ತು. ಬಿಳಿ ಬಟ್ಟೆ ಸರಿದು ಅಪ್ಪನ ಬಲಗೈ ಹೊರಬಿದ್ದಿತ್ತು. ಮಡಚದ ಎರಡು ಬೆರಳುಗಳ ಸಂದಿಯಲ್ಲಿ ಒಂದು ತುಳಸಿ ಎಲೆ ಅಂಟಿತ್ತು. ಅವಳು ಆ ತಣ್ಣನೆಯ ಕೈಯನ್ನು ಎರಡೂ ಕೈಗಳಿಂದ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು.

“ಅಪ್ಪಾ!” ಎಂದು ಕರೆದಳು. ದನಿ ಗೋಡೆಗೆ ಬಡಿದು ಬಂತು. “ಇವನ ನೀರು ನಿಮಗೆ ಬೇಡ. ಈ ಕೈ ಮುರಿದದ್ದು ಪೂವಪ್ಪ. ನಾನು ನೋಡಿದ್ದೇನೆ.”