ತೋಪಿನ ಕಾಗದ

ಅನಸೂಯಮ್ಮ ಮೂವತ್ತೊಂದು ವರ್ಷ ಅಂಗನವಾಡಿ ಟೀಚರಾಗಿದ್ದವಳು. ನಿವೃತ್ತಿಯಾಗಿ ಆರು ವರ್ಷವಾದರೂ ಊರಿಗೆ ಅವಳು ಟೀಚರಮ್ಮನೇ. ಟೇಕಲ್ ಕಡೆಯ ಆ ಊರಿನ ಮೇಲಿನ ಕೇರಿಯ ಹೆಂಗಸರಿಗೆ ಸರ್ಕಾರದ ಯಾವ ಕಾಗದ ಬಂದರೂ ಮೊದಲು ಇವಳ ಜಗಲಿ. ಇವಳು ಓದಬೇಕು, ಇವಳು ಬೆರಳಿಟ್ಟು ತೋರಿಸಬೇಕು, ಅವರು ಅಲ್ಲಿ ಹೆಬ್ಬೆಟ್ಟು ಒತ್ತಬೇಕು. ಎಷ್ಟೋ ಸಲ ಓದುವುದೂ ಇರುತ್ತಿರಲಿಲ್ಲ. ‘ಟೀಚರಮ್ಮ ತೋರಿಸಿದ ಮೇಲೆ ಮುಗೀತು ಬಿಡು’ ಎನ್ನುವ ಜನ. ಅಂಥ ನಂಬಿಕೆ ಒಂದು ಭಾರ ಎನ್ನುವುದು ಅನಸೂಯಮ್ಮನಿಗೆ ಗೊತ್ತಾದದ್ದು ಅರವತ್ತಾರನೇ ವಯಸ್ಸಿನಲ್ಲಿ, ಮಾಡಬಾರದ್ದು ಮಾಡಿದ ಮೇಲೆ.

ಮಾಡಿದ್ದೇನೆಂದರೆ ಇಷ್ಟು. ಊರ ಹಿಂದೆ ನಾಲ್ಕೆಕರೆ ಗುಂಡುತೋಪು. ಹುಣಸೆ, ಹೊಂಗೆ, ನೇರಳೆ. ಯಾರಪ್ಪನ ಆಸ್ತಿಯೂ ಅಲ್ಲ, ಊರಿನದು. ಮೇಲಿನ ಕೇರಿಯಲ್ಲಿ ಇಪ್ಪತ್ತಮೂರು ಸಂಸಾರಕ್ಕೆ ಸ್ವಂತ ಸೂರಿಲ್ಲ. ಮಾಲೂರಿನ ಫ್ಯಾಕ್ಟರಿಗಳು ಬೆಳೆದ ಹಾಗೆಲ್ಲ ಈ ಕಡೆ ಸೈಟಿನ ಬೆಲೆ ಅಟ್ಟ ಹತ್ತಿ ಕೂತಿದೆ. ಕೂಲಿಗೆ ಹೋಗುವವರು ಏಳು ಜನ್ಮ ದುಡಿದರೂ ಒಂದು ಸೈಟು ಕೈಗೆ ಹತ್ತುವುದಿಲ್ಲ. ಹಾಗಾಗಿ ಪಂಚಾಯಿತಿಯವರು ತೋಪು ಕಡಿಸಿ ಅವರಿಗೆ ನಿವೇಶನ ಹಂಚೋಣವೆಂದು ತೀರ್ಮಾನಿಸಿ ಮೇಲಕ್ಕೆ ಬರೆದರು.

ತೋಪು ಕಡಿಯಕೂಡದು ಎಂದಳು ಅನಸೂಯಮ್ಮ. ಅವಳ ಮಾತಿನಲ್ಲೂ ನ್ಯಾಯವಿತ್ತು ಅನ್ನಿ. ಇವತ್ತು ಬಡವರ ಹೆಸರಲ್ಲಿ ಸೈಟು, ನಾಳೆ ಲೇಔಟಿನವರು ಬಂದು ಒಂದೊಂದೇ ಬರೆಸಿಕೊಳ್ಳುತ್ತಾರೆ. ಲಕ್ಕೂರಿನ ಕಡೆ ಅವಳ ತಂಗಿಯ ಊರಿನಲ್ಲಿ ಹಾಗೇ ಆಗಿತ್ತು. ಮರವೂ ಹೋಯಿತು, ಬಡವರೂ ಹೋದರು. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಅವಳ ಮನೆಯ ಹಿತ್ತಿಲ ಬಾಗಿಲು ತೆರೆದರೆ ತೋಪು. ಮಧ್ಯಾಹ್ನದ ಆ ಗಾಳಿ, ಆ ನೆರಳು. ಅದೆಲ್ಲ ಹೋಗಿ ಶೀಟಿನ ಮನೆಗಳ ಸಾಲು ಬರುವುದನ್ನು ನೆನೆದರೇ ಅವಳಿಗೆ ಮೈ ಉರಿಯುತ್ತಿತ್ತು.

ತೋಪು ಉಳಿಸಿ ಎಂದು ಅರ್ಜಿ ಬರೆದಳು. ಕೆಳಗಿನ ಬೀದಿಯ ಜಮೀನಿದ್ದವರೆಲ್ಲ ರುಜು ಹಾಕಿದರು. ಆದರೆ ತಾಲ್ಲೂಕು ಕಚೇರಿಯ ಗುಮಾಸ್ತ ಕದಿರೇಶ್ ಅರ್ಜಿ ನೋಡಿ, “ಮನೆ ಇರೋರು ಮನೆ ಬೇಡ ಅಂದ್ರೆ ಯಾರು ಕೇಳ್ತಾರೆ ಮೇಡಂ? ಮನೆ ಇಲ್ದೋರ ಹೆಬ್ಬೆಟ್ಟು ಬಿದ್ದಿದ್ರೆ ಬೇರೆ ಮಾತು” ಎಂದುಬಿಟ್ಟ.

ಮರುವಾರವೇ ಮೇಲಿನ ಕೇರಿಯ ಹೆಂಗಸರು ಗುಂಪಾಗಿ ಜಗಲಿಗೆ ಬಂದರು. ಮುಂದೆ ದೊಡ್ಡಮುನಿಯಮ್ಮ, ಅವಳ ಹಿಂದೆ ಶಾಮಲಮ್ಮ, ಉಳಿದವರು. ಪಿಂಚಣಿ ಕಾಗದಗಳನ್ನು ಕಚೇರಿಗೆ ಕೊಡುವ ಸಮಯ, ಅವೆಲ್ಲ ಇವಳ ಹತ್ತಿರವೇ ಇದ್ದವು. ಅದಕ್ಕೇ ಬಂದಿದ್ದಾರೆಂದುಕೊಂಡು ಅನಸೂಯಮ್ಮ ಅವರ ಬಾಯಿಂದ ಮಾತು ಹೊರಡುವ ಮೊದಲೇ ಇಂಕ್ ಪ್ಯಾಡು ತಂದಿಟ್ಟಳು. ಪಿಂಚಣಿ ಕಾಗದಕ್ಕೆ ಒತ್ತಿಸಿದ ಮೇಲೆ ಕೈ ತಾನಾಗಿ ಇನ್ನೊಂದು ಹಾಳೆಯನ್ನು ಮುಂದೆ ಸರಿಸಿತು.

“ಇದು ತೋಪಿನ ಕಾಗದ” ಎಂದಳು. ಅಷ್ಟೇ. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ಇಪ್ಪತ್ತಮೂರು ಹೆಬ್ಬೆಟ್ಟು ಬಿದ್ದವು.

ನಾಲ್ಕು ತಿಂಗಳಿಗೆ ಆದೇಶ ಬಂತು, ತೋಪು ಉಳಿಯಿತು. ಪರಿಸರ ಸಂಘದವರು ಬಂದು ಅನಸೂಯಮ್ಮನಿಗೆ ಶಾಲು ಹೊದಿಸಿದರು. ಶಾಲು ಟ್ರಂಕಿನ ತಳ ಸೇರಿತು. ಅಲ್ಲಿಂದ ಅವಳಿಗೆ ಶುರುವಾಯಿತು ನೋಡಿ ಸಂಕಟ. ಮೇಲಿನ ಕೇರಿಯ ಹೆಂಗಸರು ಎದುರಾದರೆ ದಾರಿ ಬದಲಿಸುವಳು. ನಲ್ಲಿಯ ಹತ್ತಿರ ಯಾರೋ ‘ಸೈಟು’ ಎಂದರೆ ಕೊಡ ತುಂಬುವ ಮೊದಲೇ ಹೊರಟುಬಿಡುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಆ ಪಾಡು. ಹಿತ್ತಿಲ ಬಾಗಿಲನ್ನಂತೂ ತೆರೆಯುವುದನ್ನೇ ಬಿಟ್ಟಳು.

ಹೀಗಿರುವಾಗ ಒಂದು ದಿನ ದೊಡ್ಡಮುನಿಯಮ್ಮ ಬಂದು ಜಗಲಿಯ ಮೇಲೆ ಕೂತಳು. ಸೊಂಟದಿಂದ ಮಡಿಸಿದ ಕಾಗದ ತೆಗೆದಳು.

“ಪಂಚಾಯ್ತೀಲಿ ಈ ಕಾಪಿ ಕೊಟ್ರು ಟೀಚರಮ್ಮ. ನಮ್ಮ ಸೈಟು ಯಾಕೆ ಹೋಯ್ತು ಅಂತ ಇದ್ರಲ್ಲಿದೆಯಂತೆ. ಓದಿ ಹೇಳು. ಮೊಮ್ಮಗಳು ನಾನೋದ್ತೀನಿ ಅಂದ್ಲು, ಟೀಚರಮ್ಮನೇ ಓದ್ಲಿ ಅಂದೆ ನಾನು. ನಾವಿರೋ ಕೋಣೆನ ಓನರು ಫ್ಯಾಕ್ಟರಿ ಹುಡುಗ್ರಿಗೆ ಕೊಡ್ತಾನಂತೆ, ಬರೋ ತಿಂಗಳು ಖಾಲಿ ಮಾಡ್ಬೇಕು. ಯಾರು ಅಡ್ಡಗಾಲು ಹಾಕಿದ್ರು ಅಂತ ಗೊತ್ತಾದ್ರೆ ಹೋಗಿ ಕಾಲಾದ್ರೂ ಹಿಡೀತೀನಿ.”

ಅನಸೂಯಮ್ಮ ಕಾಗದ ಬಿಡಿಸಿದಳು. ನಾಲ್ಕು ಪುಟದ ಆದೇಶ. ‘ಮೇಲಿನ ಆಫೀಸಿನೋರು ಒಪ್ಪಲಿಲ್ಲವಂತೆ ಕಣಕ್ಕ’ ಎಂದರೆ ಮುಗಿದೇಹೋಗುತ್ತಿತ್ತು. ಮೂವತ್ತು ವರ್ಷದಿಂದ ಅವಳು ಓದಿದ್ದೇ ವೇದ. ನಾಲಿಗೆಯ ತುದಿಗೂ ಬಂತು ಆ ಮಾತು. ಆದರೆ ದೊಡ್ಡಮುನಿಯಮ್ಮ ಪಾಠ ಕೇಳುವ ಮಗುವಿನಂತೆ ಅವಳ ಬಾಯನ್ನೇ ನೋಡುತ್ತ ಕೂತಿದ್ದಳು. ಅನಸೂಯಮ್ಮನಿಂದ ಆಗಲಿಲ್ಲ.

“ನಿವೇಶನರಹಿತ ಕುಟುಂಬಗಳೇ ಸದರಿ ತೋಪನ್ನು ಉಳಿಸುವಂತೆ ಕೋರಿರುವುದರಿಂದ” ಎಂದು ಓದಿದಳು. “ನಿವೇಶನದ ಪ್ರಸ್ತಾವನೆಯನ್ನು ಕೈಬಿಡಲಾಗಿದೆ.”

“ಹಂಗಂದ್ರೆ?”

“ಮನೆ ಇಲ್ದೋರೇ ಸೈಟು ಬೇಡ, ತೋಪು ಇರ್ಲಿ ಅಂತ ಅರ್ಜಿ ಕೊಟ್ಟಿದ್ದಾರೆ ಅಂತ.”

“ಅಯ್ಯೋ ನಿನ್ನ. ಯಾವೋಳು ಕೊಟ್ಟಿದ್ದು? ಹೆಸರಿದ್ಯಾ?”

“ಇದೆ.” ಅನಸೂಯಮ್ಮ ಕೊನೆಯ ಪುಟ ತಿರುಗಿಸಿದಳು. “ಮೊದಲ್ನೇದು ನಿನ್ನದು ಮುನಿಯಕ್ಕ. ನಾನು ಒತ್ತಿಸಿಕೊಂಡಿದ್ದು. ಪಿಂಚಣಿ ಕಾಗದದ ಜೊತೆ.”

ದೊಡ್ಡಮುನಿಯಮ್ಮ ತನ್ನ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡಳು. ಬೈದಿದ್ದರೆ, ಮಣ್ಣು ತೂರಿ ಶಾಪ ಹಾಕಿದ್ದರೆ ಅನಸೂಯಮ್ಮನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

“ಗೊತ್ತಿದ್ದೂ ಮಾಡಿದ್ಯಾ?”

“ಹೂಂ. ಹೇಳಿದ್ರೆ ನೀವು ಒತ್ತಲ್ಲ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.”

“ಅವತ್ತು ನಾವು ಪಿಂಚಣಿಗೆ ಬಂದಿರಲಿಲ್ಲ ಟೀಚರಮ್ಮ” ಎಂದಳು ದೊಡ್ಡಮುನಿಯಮ್ಮ ಮೆಲ್ಲಗೆ. “ತೋಪಿನ ಆ ತುದೀಲಿ, ಮಣ್ಣು ತೆಗೆದು ಹಳ್ಳ ಮಾಡಿರೋ ಕಡೆ, ಒಂದು ಎಕರೆ ಮರಾನೇ ಇಲ್ವಲ್ಲ. ಹಳ್ಳ ನಾವೇ ಮುಚ್ಕೋತೀವಿ, ನಮಗೆ ಅಷ್ಟೇ ಸಾಕು, ಮರ ಕಡೀಬೇಡಿ ಅಂತ ಒಂದು ಅರ್ಜಿ ಬರೆಸ್ಕೊಳ್ಳೋಣ ಅಂತ ಎಲ್ಲಾರೂ ಸೇರ್ಕೊಂಡು ಬಂದಿದ್ವಿ. ಬಾಯಿ ಬಿಡೋ ಮುಂಚೆನೇ ನೀನು ತೋಪಿನ ಕಾಗದ ಅಂತ ಮುಂದಿಟ್ಟೆ. ನೋಡ್ರೇ, ನಮ್ಮ ಮನಸ್ಸಲ್ಲಿರೋದು ಟೀಚರಮ್ಮಂಗೆ ಹೆಂಗೆ ಗೊತ್ತಾಯ್ತು ಅಂತ ದಾರಿಯುದ್ದಕ್ಕೂ ಹೇಳ್ಕೊಂಡು ಹೋದ್ವಿ.”

ಅನಸೂಯಮ್ಮ ಕಾಗದ ಮಡಿಸಿ ಕೆಳಗಿಟ್ಟಳು. ಆ ಬೋಳು ಎಕರೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ದಿನಾ ಕಾಣುತ್ತಿದ್ದದ್ದೇ. ಅಲ್ಲಿ ಮನೆ ಆಗಬಹುದೆಂದು ಅವಳಿಗೆ ಒಂದು ಸಲವಾದರೂ ಹೊಳೆಯಲಿಲ್ಲ. ಅಲ್ಲ, ಹೊಳೆಯಲಿಕ್ಕೆ ಅವಳೇ ಬಿಡಲಿಲ್ಲ.

“ನಮ್ಮ ಮನೆ ಹಿಂದಿನ ಕೋಣೆ ಖಾಲಿ ಇದೆ” ಎಂದಳು. “ನೀನು, ಮೊಮ್ಮಗಳು ಬಂದುಬಿಡಿ. ಬಾಡಿಗೆ ಮಾತೇ ಬೇಡ.”

“ಇದು ನಿನ್ನ ಸಮಾಧಾನಕ್ಕೆ. ಇಪ್ಪತ್ತಮೂರು ಮನೆಯೋರ್ನ ಆ ಕೋಣೇಲಿ ಹಾಕ್ತೀಯಾ?”

“ಹಂಗಾದ್ರೆ ಹೊಸ ಅರ್ಜಿ ಬರೀತೀನಿ. ಆ ಒಂದೆಕರೆಗೆ. ನಾನು ಮಾಡಿದ್ದೂ ಬರೀತೀನಿ, ಕೇಸಾದ್ರೂ ಆಗ್ಲಿ.”

ದೊಡ್ಡಮುನಿಯಮ್ಮ ಎದ್ದಳು. “ಪೋನೀಲೇ, ಹೋಗ್ಲಿ ಬಿಡು, ಬರಿ. ಬರೆದು ಕೇರಿಗೆ ತಗೊಂಡು ಬಾ. ಓದೋಕೆ ನಮ್ಮ ಮಾನಸ ಇದ್ದಾಳೆ.”

ಇಷ್ಟು ವರ್ಷದಲ್ಲಿ ಕೇರಿಯವರು ಇವಳ ಜಗಲಿಗೆ ಬರುತ್ತಿದ್ದರೇ ಹೊರತು ಇವಳು ಕಾಗದ ಹಿಡಿದು ಅಲ್ಲಿಗೆ ಹೋದವಳಲ್ಲ. ಭಾನುವಾರ ಬೆಳಿಗ್ಗೆ ಹೋದಳು. ಅರಳಿಕಟ್ಟೆಯ ಸುತ್ತ ಹೆಂಗಸರೆಲ್ಲ ಸೇರಿದ್ದರು. ಕೂತ್ಕೋ ಎಂದು ಯಾರೂ ಹೇಳಲಿಲ್ಲ, ಅನಸೂಯಮ್ಮ ನಿಂತೇ ಇದ್ದಳು. ದೊಡ್ಡಮುನಿಯಮ್ಮನ ಮೊಮ್ಮಗಳು ಮಾನಸ, ಕಾಲೇಜಿಗೆ ಹೋಗುವ ಹುಡುಗಿ, ಹಾಳೆ ತೆಗೆದುಕೊಂಡು ತಡವರಿಸದೆ ಓದತೊಡಗಿದಳು. ಒಂದೆಕರೆಯ ಮಾತು ಬಂತು, ಮರಗಳ ಮಾತು ಬಂತು. ಆಮೇಲೆ ಆ ಸಾಲು ಬಂತು.

“ಅನಸೂಯಮ್ಮ ಎಂಬ ನಾನು, ಈ ಹೆಂಗಸರು ನನ್ನನ್ನು ನಂಬಿದ್ದರಿಂದ, ಅವರಿಗೆ ಓದಿ ಹೇಳದೆ ಅವರ ವಿರುದ್ಧವೇ ಅವರ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತೇನೆ.”

ಮಾನಸ ತಲೆಯೆತ್ತಲಿಲ್ಲ. ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಶಾಮಲಮ್ಮ ಕೈ ಅಡ್ಡ ಮಾಡಿದಳು.

“ಅದನ್ನೇ ಇನ್ನೊಂದ್ಸಲ ಓದೇ” ಎಂದಳು. “ಹಿಂದೆ ಇರೋರ್ಗೆ ಕೇಳಿಸ್ಲಿಲ್ಲ.”

ಮಾನಸ ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ, ಮತ್ತೆ ಓದಿದಳು.