ಎಂಟು ವಾರದ ವಿದ್ಯಾರ್ಥಿನಿ

ಶುಕ್ರವಾರ ಬೆಳಿಗ್ಗೆ ಹತ್ತೂ ಇಪ್ಪತ್ತು. ಟಿ. ನರಸೀಪುರದ ಖಾಸಗಿ ತರಬೇತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಲ್ ಟಿಕೆಟ್ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಯಶೋಧರಾಳ ಹೆಸರಿರಲಿಲ್ಲ.

ಸೋಸಲೆಯ ಕರಿಯಯ್ಯನ ಮಗಳು ಯಶೋಧರಾ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಅಪ್ರೆಂಟಿಸ್. ಎರಡು ವರ್ಷದ ಕರಾರು. ಎರಡನೇ ವರ್ಷ ಎಂಟು ವಾರ ಕಂಪನಿಯೇ ಸ್ಟೈಪೆಂಡ್ ಕೊಟ್ಟು ಈ ಕಾಲೇಜಿಗೆ ಪಾಠಕ್ಕೆ ಕಳಿಸುತ್ತಿತ್ತು, ಕೊನೆಗೆ ಪರೀಕ್ಷೆ. ಪಾಸಾಗದೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದೆ ಕಾಯಂ ಕೆಲಸದ ಮಾತಿಲ್ಲ. ಪರೀಕ್ಷೆ ಸೋಮವಾರ, ಮಂಗಳವಾರವಿತ್ತು. ಅದು ತಪ್ಪಿದರೆ ಇನ್ನು ಆರು ತಿಂಗಳು ಕಾಯಬೇಕು.

ಅವಳು ನೇರ ಆಫೀಸಿಗೆ ಹೋದಳು. ಗುಮಾಸ್ತ ಮಹಾದೇವಸ್ವಾಮಿ ಕೆಟ್ಟ ಮನುಷ್ಯನೇನಲ್ಲ. ವಿದ್ಯಾರ್ಥಿ ಶುಲ್ಕ ಕಟ್ಟಿಲ್ಲ, ಅದಕ್ಕೇ ಹೆಸರಿಲ್ಲ ಎಂದ. ನಾಲ್ಕು ಸಾವಿರದ ಎಂಟುನೂರು: ಲೈಬ್ರರಿಗೆ, ಕ್ರೀಡೆಗೆ, ಕಾಲೇಜು ವಾರ್ಷಿಕೋತ್ಸವಕ್ಕೆ.

“ಗ್ರೌಂಡೇ ಇಲ್ವಲ್ಲ ಸಾ, ಕ್ರೀಡೆಗೆ ಯಾಕೆ?”

“ದಿನಾ ಸಂಜೆ ಬಸ್ಸಿಗೆ ಓಡ್ತೀಯಲ್ಲಮ್ಮ, ಅದೇನು ಕ್ರೀಡೆ ಅಲ್ವಾ?”

ಪಕ್ಕದ ಮೇಜಿನವರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಕಾಲೇಜು ಸೇರಿದ ವಾರ ಡಿಪೋದಲ್ಲಿ ಅದೇ ಬಸ್ಸಿಗೆ ವಿದ್ಯಾರ್ಥಿ ಪಾಸು ಕೇಳಲು ಹೋದಾಗ, ಕೊರಳಲ್ಲಿದ್ದ ಕಂಪನಿಯ ಗುರುತಿನ ಚೀಟಿ ನೋಡಿ, ನೀನು ಕೆಲಸದವಳು, ನಿನಗೆ ಪಾಸಿಲ್ಲ ಎಂದು ಕಳಿಸಿದ್ದರು. ಟಿಕೆಟ್ ತಗೊಂಡೇ ಓಡಾಡುತ್ತಿದ್ದಳು.

ಆದರೂ ಶುಲ್ಕದ ಹಣ ಬ್ಯಾಗಿನಲ್ಲಿತ್ತು. ಬೈದುಕೊಂಡಾದರೂ ಕಟ್ಟಲು ಸಿದ್ಧಳಿದ್ದಳು. ಕಷ್ಟವಿದ್ದದ್ದು ಶುಲ್ಕದ ಜತೆ ಕೊಡಬೇಕಾದ ಅರ್ಜಿಯಲ್ಲಿ. ಕಾಲೇಜಿನವರು ಎಲ್ಲರಿಗೂ ಅಚ್ಚು ಹಾಕಿಸಿದ ಆ ಅರ್ಜಿಯ ತಳದಲ್ಲಿ, ‘ನಾನು ಪೂರ್ಣಾವಧಿ ವಿದ್ಯಾರ್ಥಿ, ಬೇರೆಲ್ಲೂ ಕೆಲಸದಲ್ಲಿಲ್ಲ’ ಎಂದಿತ್ತು. ಅದೇ ಕಂಪನಿಯಿಂದ ಬಂದ ಜತೆಯ ಹದಿನೇಳು ಜನ ಓದದೆ ಸಹಿ ಹಾಕಿದ್ದರು. ಅದರ ಪ್ರತಿ ಹಾಜರಿ ಪಟ್ಟಿಯ ಜತೆ ಕಂಪನಿಗೆ ಹೋಯಿತು. ಕೆಲಸದಲ್ಲಿಲ್ಲ ಎಂದು ನೀವೇ ಬರೆದುಕೊಟ್ಟಿದ್ದೀರಿ ಎಂದು ಕಂಪನಿ ಆ ಹದಿನೇಳು ಜನರ ಸ್ಟೈಪೆಂಡ್ ನಿಲ್ಲಿಸಿತು. “ನನ್ನ ಕೈಯಾರೆ ನಾನೇ ಕೆಲ್ಸ ಬಿಟ್ಟೀವ್ನಿ ಕಣಕ್ಕ, ಗೊತ್ತೇ ಆಗ್ನಿಲ್ಲ,” ಎಂದು ಪಕ್ಕದ ಬೆಂಚಿನ ಪ್ರೇಮ್‌ಕುಮಾರ್ ಹೇಳಿದ್ದು ಮೊನ್ನೆ ಮೊನ್ನೆ. ಯಶೋಧರಾಳ ಸ್ಟೈಪೆಂಡಿನಲ್ಲಿ ತಮ್ಮನ ಓದೂ ನಡೆಯುತ್ತಿತ್ತು.

ಅವಳು ಆ ಸಾಲಿನ ಮೇಲೆ ಪೆನ್ನಿನಿಂದ ಗೀಟು ಎಳೆದು, ಕೆಳಗೆ ಸಹಿ ಮಾಡಿ, ಹಣದ ಸಮೇತ ಮುಂದಿಟ್ಟಳು. ಮಹಾದೇವಸ್ವಾಮಿ ಅರ್ಜಿಯನ್ನು ಬೆಳಕಿಗೆ ಹಿಡಿದು ನೋಡಿದ. ಗೀಟು ಹಾಕಿದ್ದನ್ನು ತಗೊಳ್ಳುವಂತಿಲ್ಲ, ಇವಳು ನಮ್ಮ ಕೆಲಸದವಳು ಎಂದು ಕಂಪನಿಯಿಂದ ಒಂದು ಪತ್ರ ತಂದರೆ ಪ್ರಿನ್ಸಿಪಾಲರನ್ನು ಕೇಳಿ ನೋಡುತ್ತೇನೆ, ಐದು ಗಂಟೆಯೊಳಗೆ ಎಂದ.

ಕಾರ್ಖಾನೆಯ ಸಿಬ್ಬಂದಿ ವಿಭಾಗದ ಅಮೃತೇಶ್ ಮೂರನೇ ಸಲಕ್ಕೆ ಫೋನ್ ಎತ್ತಿದರು. ಕಾಲೇಜು ಏನು ಕಟ್ಟಿಸಿಕೊಳ್ಳುತ್ತದೋ, ಏನು ಬರೆಸಿಕೊಳ್ಳುತ್ತದೋ ಅದು ಕಾಲೇಜಿಗೂ ನಿನಗೂ ಬಿಟ್ಟದ್ದು, ಅಂಥ ಪತ್ರ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದರು.

“ಒಂದಿನ ಕ್ಲಾಸಿಗೆ ಓಗ್ದಿದ್ರೆ ನೀವು ಸ್ಟೈಪೆಂಡಲ್ಲಿ ದುಡ್ಡು ಇಡೀತೀರಿ ಸಾ. ಅಂಗಾದ್ರೆ ನಾನು ನಿಮ್ಮ ಕೆಲಸದೋಳೇ ತಾನೆ?”



“ಅದು ಬೇರೆ ವಿಷಯ ಕಣಮ್ಮ. ಎಲ್ರೂ ಹಾಕಿದಾರೆ, ನೀನೂ ಒಂದು ಸೈನ್ ಹಾಕ್ಬಿಡು.”

“ಆಕಿದ್ರೆ ಸ್ಟೈಪೆಂಡ್ ಕೊಡ್ತೀರಾ?”

ಮೀಟಿಂಗಿದೆ ಎಂದು ಅಮೃತೇಶ್ ಫೋನಿಟ್ಟರು.

ಪ್ರಿನ್ಸಿಪಾಲರು ಮೈಸೂರಿಗೆ ಹೋಗಿದ್ದರು. ಯಶೋಧರಾ ಆಫೀಸಿನ ಮುಂದಿನ ಬೆಂಚಿನ ಮೇಲೆ ಸಂಜೆಯವರೆಗೂ ಕೂತಳು. ಎರಡು ಸಲ ಪೆನ್ನಿನ ಕ್ಯಾಪು ತೆಗೆದಳು, ಎರಡು ಸಲವೂ ಹಾಕಿದಳು. ಬೇರೆ ಹೊಸ ಅರ್ಜಿ ಕೊಡಲೇ ಎಂದು ಮಹಾದೇವಸ್ವಾಮಿ ಹೊರಗೆ ಬಂದು ಮೆಲ್ಲಗೆ ಕೇಳಿದ. ಬೇಡ ಸಾ ಎಂದಳು. ಐದಕ್ಕೆ ಅವನು ಕೌಂಟರಿನ ಬಾಗಿಲು ಹಾಕಿದ.

ಸೋಮವಾರ ಪರೀಕ್ಷೆಗೆ ಹೋಗುವ ಬದಲು ಅವಳು ಬೆಳಿಗ್ಗೆ ಆರಕ್ಕೆ ಮೊದಲ ಪಾಳಿಗೆಂದು ನಂಜನಗೂಡಿನ ಕಾರ್ಖಾನೆಗೆ ಹೋದಳು. ಪರೀಕ್ಷೆ ಮುಗಿಯುವ ಮಂಗಳವಾರದವರೆಗೆ ನೀನು ಕಾಲೇಜಿನ ಪಟ್ಟಿಯಲ್ಲಿದ್ದೀಯ ಎಂದು ಗೇಟಿನವರು ಒಳಗೆ ಬಿಡಲಿಲ್ಲ.