ಎಡಗೈಗೆ ಸಿಕ್ಕ ಕತ್ತರಿ

“ಆ ಕೈ ನಂದಲ್ಲ,” ಅಂದ ಜ್ಞಾನದೇವ.

“ಹಂಗಾರ ಯಾರ್ದರೀ? ಬಾಜೂ ಮನಿಯವರ್ದೇನು?” ಹೆಂಡತಿ ಕಲಾವತಿ ಕೇಳಿದಳು. ಅವಳ ಮಡಿಲಲ್ಲಿ ಇಳಕಲ್ ಸೀರೆಯ ಸೆರಗು ತುಂಡಾಗಿ ಬಿದ್ದಿತ್ತು. ಕತ್ತರಿಸಿದ್ದು ನಾನು. ಜ್ಞಾನದೇವನ ಎಡಗೈ ಇನ್ನೂ ನನ್ನನ್ನು ಬಿಟ್ಟಿರಲಿಲ್ಲ.

ನಾನು ಗದಗಿನ ದರ್ಜಿ ಜ್ಞಾನದೇವನ ಕತ್ತರಿ. ಹುಟ್ಟಿದ್ದು ಕುಲುಮೆಯಲ್ಲಿ, ಲಾರಿಯ ಹಳೆಯ ಉಕ್ಕಿನ ಪಟ್ಟಿಯಿಂದ. ಬಲಗೈಗೆ ಒಗ್ಗುವಂತೆಯೇ ನನ್ನನ್ನು ತಿದ್ದಿದ್ದರು. ಜ್ಞಾನದೇವನ ಅಪ್ಪ ನನ್ನನ್ನು ತಂದು, ಕೆಲಸ ಕಲಿಸಿ, ಮಗನ ಕೈಗೆ ಕೊಟ್ಟ. ಬಟ್ಟೆಯಿಲ್ಲದೆ ಕತ್ತರಿ ಆಡಿಸಿದರೆ ಮನೆಯಲ್ಲಿ ಜಗಳ ಹತ್ತುತ್ತದೆ ಎಂಬುದು ಅವರ ನಂಬಿಕೆ; ಹಾಗಾಗಿ ಸುಮ್ಮನೆ ಬಾಯಿ ಆಡಿಸುವ ಚಟ ನನಗೆ ಅಂಟಲೇ ಇಲ್ಲ. ಜ್ಞಾನದೇವನ ಹೆಬ್ಬೆರಳು ತಾಕಿದರೆ ಸಾಕು, ಇವತ್ತು ಜಂಪರೋ ಅಂಗಿಯೋ ನನಗೆ ತಿಳಿಯುತ್ತಿತ್ತು.

ಆಮೇಲೆ ಅವನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು. ಜೀವ ಉಳಿಯಿತು, ನಡಿಗೆಯೂ ಬಂತು, ಎಡಗೈ ಮಾತ್ರ ಹೇಳಿದ್ದು ಕೇಳದಾಯಿತು. ಬಲಗೈ ಗುಂಡಿ ಹಾಕಿದರೆ ಅದು ಬಿಚ್ಚುತ್ತಿತ್ತು. ಮೊದಮೊದಲು ಕಲಾವತಿಗೆ ನಗು. ಅವನ ಕೆಲಸ ನಿಂತು ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಅವಳೇ ಮನೆಯಲ್ಲಿ ಕುಳಿತು ಜಂಪರುಗಳಿಗೆ ಹುಕ್ಕು ಹಚ್ಚಿ ಸಂಸಾರ ಎಳೆದಳು. ಕೊನೆಗೊಮ್ಮೆ ಅವನನ್ನು ಕೇಳದೆ ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆ ಕೊಟ್ಟಳು. ಜ್ಞಾನದೇವ ಅಂಗಡಿಗೆ ಹೋಗಿ ನನ್ನನ್ನು ಮನೆಗೆ ತಂದಿಟ್ಟ. ಸೆರಗು ತುಂಡಾದದ್ದು ಅದರ ಮರುದಿನ.

ಕಲಾವತಿ ಅವನನ್ನು ಹುಬ್ಬಳ್ಳಿಯ ಮೆದುಳಿನ ಡಾಕ್ಟರ ಹತ್ತಿರ ಕರೆದೊಯ್ದಳು. ಸಾಕ್ಷಿಗೆಂದು ನನ್ನನ್ನೂ ಚೀಲಕ್ಕೆ ಹಾಕಿಕೊಂಡಳು.

“ಇವ್ರು ಬೇಕಂತ ಮಾಡ್ತಾರೇನು, ಅಷ್ಟು ಹೇಳಿಬಿಡ್ರಿ ಸಾಹೇಬ್ರ.”

“ಮೆದುಳಿನ ಎರಡು ಹೋಳಿನ ನಡುವಿನ ಸೇತುವಿ ಕೆಟ್ಟದರೀ. ಎಡಗೈ ಇವರ ಅಪ್ಪಣಿಗೆ ಕಾಯೂದಿಲ್ಲ. ಕಣ್ಣಿಗೆ ಬಿದ್ದದ್ದು ಹಿಡೀತದ.”

“ಹಂಗಾರ ಬಲಗೈ ಮಾಡೂದೆಲ್ಲ ನಾನ ಏನ್ರೀ?” ಜ್ಞಾನದೇವ ಕೇಳಿದ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಕೈ ಎತ್ತಬೇಕು ಅಂತ ನಮಗ ಅನಸೂಕ್ಕಿಂತ ಮೊದಲ ಮೆದುಳು ತಯಾರಿ ಸುರು ಮಾಡಿರ್ತದ. ಅದಕ್ಕೇನು ಅರ್ಥ ಅನ್ನೂದ್ರಾಗ ನಮ್ಮವ್ರಾಗೂ ಒಮ್ಮತ ಇಲ್ರಿ.”

ಆ ಮಾತು ಅವನಿಗೆ ನಾಟಿತು. ಅಂದಿನಿಂದ ಬಲಗೈಯನ್ನೂ ನಂಬದಾದ. ನನ್ನನ್ನು ಮುಟ್ಟಲೇ ಇಲ್ಲ. ಈಗ ಅಡುಗೆಮನೆಯ ಬಾಗಿಲ ಗೂಟಕ್ಕೆ ನೇತುಬಿದ್ದು ಹಾಲಿನ ಪಾಕೀಟು ಕತ್ತರಿಸುತ್ತಿದ್ದೇನೆ. ತಿರುಪಿಗೆ ತುಕ್ಕು ಹಿಡಿದಿದೆ. ಹಿಡಿದವರ ಮನಸ್ಸೇ ನನ್ನ ಮನಸ್ಸು ಎಂದುಕೊಂಡು ಬಾಳಿದ ಜೀವ ನಾನು. ಹಿಡಿದವನಿಗೇ ತನ್ನ ಮನಸ್ಸು ತಿಳಿಯದಿದ್ದರೆ ಯಾರನ್ನು ಕೇಳಲಿ?

ನಿನ್ನೆ ಊಟವಾದ ಮೇಲೆ ಕಲಾವತಿ ಎಂದಿನಂತೆ ಅವನ ಎಡಕ್ಕೆ ಮಣೆ ಹಾಕಿಕೊಂಡು, ಜಂಪರು ಬಿಡಿಸಿ ಕುಳಿತಳು.

“ಖರೆ ಹೇಳ್ರಿ. ಅವತ್ತ ನನ್ನ ಮ್ಯಾಲ ಸಿಟ್ಟಿತ್ತೋ ಇಲ್ಲೋ?”

“ಇತ್ತು.”

“ಕತ್ತರಸಬೇಕು ಅನಸಿತ್ತೇನು?”

ಅವನು ತನ್ನ ಎರಡೂ ಕೈಗಳನ್ನು ನೋಡಿಕೊಂಡ. “ಗೊತ್ತಿಲ್ಲ ಕಲಾ. ಇಲ್ಲ ಅನ್ನಾಕ ಬಾಯಿ ಬರವಲ್ದು.”

ಕಲಾವತಿ ಎದ್ದಳು. ಮಣೆಯನ್ನು ಎತ್ತಿ, ಎಡಗೈಗೆ ಎಟುಕದಂತೆ ಅವನ ಬಲಕ್ಕೆ ಹಾಕಿಕೊಂಡು, ಸೂಜಿಗೆ ದಾರ ಪೋಣಿಸತೊಡಗಿದಳು.